ಟೊರೆಂಟಿಗೆ ಮಂದಿ ಕೂಡಿಸಿದ ನಮ್ಮಣ್ಣ

ಇಂಟರ್‌ನೆಟ್ಟನ್ನು ಬ್ಯಾಡಗಿಯ ಮೆಣಸಿನಕಾಯಿ ಟೆಂಡರಿನಂತೆ ನಡೆಸಬಹುದೆಂದು ನಂಬಿದ್ದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ. ಆ ಮಹಾನುಭಾವ ನನ್ನ ಒಡಹುಟ್ಟಿದ ಅಣ್ಣನೇ ಆಗಬೇಕಿತ್ತೇ!

ಅಣ್ಣನದು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ. ಅಲ್ಲಿ ಮೆಣಸಿನಕಾಯಿ ಚೀಲಗಳ ಮುಂದೆ ಖರೀದಿದಾರರು ಎಷ್ಟು ನೆರೆದರೆ ಅಷ್ಟು ರೇಟು ಏರುತ್ತದೆ, ಅಷ್ಟು ಬೇಗ ಮಾಲು ಕದಲುತ್ತದೆ. ಈ ಒಂದೇ ಫಾರ್ಮುಲಾವನ್ನು ಅವನು ಎಲ್ಲಕ್ಕೂ ಹಚ್ಚುತ್ತಿದ್ದ. ಒಮ್ಮೆ ಜ್ವರ ಬಂದಾಗ ಊರಿನ ಡಾಕ್ಟರುಗಳನ್ನೆಲ್ಲ ಒಟ್ಟಿಗೇ ಕರೆಸಿದ್ದ. "ಕಾಂಪಿಟೇಶನ್ ಇದ್ರ ಜ್ವರ ಲಗೂ ಇಳಿತೈತಿ" ಅಂತ! ಡಾಕ್ಟರುಗಳು ತಮ್ಮತಮ್ಮಲ್ಲೇ ವಾದಿಸಿ, ಚಹಾ ಕುಡಿದು, ಔಷಧಿ ಬರೆಯುವುದನ್ನೇ ಮರೆತು ಎದ್ದುಹೋದರು.

ಇಂಥವನ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಊರಿಗೆ ಅದು ಆಗಷ್ಟೇ ಕಾಲಿಟ್ಟಿದ್ದ ದಿನಗಳು. ಬಂದದ್ದು ಒಂದು ಸಿನಿಮಾದ ಸಲುವಾಗಿ.

ಮದುವೆಯ ಹೊಸದರಲ್ಲಿ ಅಣ್ಣ ಹೆಂಡತಿಯನ್ನು, ಅಂದರೆ ನಮ್ಮ ವೈನಿಯನ್ನು, ಹಾವೇರಿಯ ಟಾಕೀಸಿಗೆ ಕರೆದೊಯ್ದಿದ್ದ. ಹಿಂದಿ ಪಿಕ್ಚರ್, ಬ್ಲ್ಯಾಕ್ ಆಂಡ್ ವೈಟ್. ಹೀರೋಯಿನ್ ಪ್ಲಾಟ್‌ಫಾರ್ಮಿನಲ್ಲಿ ಹೀರೋಗಾಗಿ ಒಬ್ಬಳೇ ಕಾಯುತ್ತಿದ್ದಾಳೆ, ದೂರದಲ್ಲಿ ರೈಲು ಕೂಗುತ್ತಿದೆ. ಅಷ್ಟರಲ್ಲಿ ಅಣ್ಣ, "ಏಳು, ಏಳು, ಬಸ್ ತಪ್ಪತೈತಿ" ಎಂದು ವೈನಿಯ ಕೈಹಿಡಿದು ಎಬ್ಬಿಸಿದ. ಬಸ್ಸು ಸಿಕ್ಕಿತು, ಕ್ಲೈಮ್ಯಾಕ್ಸ್ ತಪ್ಪಿತು! ಆ ಪಿಕ್ಚರ್ ನಮ್ಮ ಕಡೆ ಮತ್ತೆ ಬರಲಿಲ್ಲ. ಸಿ.ಡಿ. ಅಂಗಡಿಗಳಲ್ಲೂ ಸಿಗಲಿಲ್ಲ. ಮನೆಯಲ್ಲಿ ಎಂಥದೇ ಜಗಳವಾಗಲಿ, ವೈನಿಯ ಕೊನೆಯ ಬಾಣ ಅದೇ: "ನಿಮ್ಮ ಮಾತು ಸಾಕ್ರಿ. ಪಾಪ, ಆ ಹುಡಿಗಿ ಗತಿ ಏನಾತಂತ ಇವತ್ತಿಗೂ ನನಗ ಗೊತ್ತಿಲ್ಲ!"

ಆಮೇಲೆ ವೈನಿಯ ಕಣ್ಣಿನ ನರ ಸೋಲತೊಡಗಿತು. ಹುಬ್ಬಳ್ಳಿಯ ಡಾಕ್ಟರು, ದೃಷ್ಟಿ ಇನ್ನು ಬಹಳ ದಿನ ನಿಲ್ಲಲಿಕ್ಕಿಲ್ಲ ಎಂದರು. ಅಣ್ಣ ಸೀದಾ ರಾಣೆಬೆನ್ನೂರಿಗೆ ಹೋಗಿ ಕಂಪ್ಯೂಟರ್ ತಂದ.

ಕಂಪ್ಯೂಟರ್ ಅಂಗಡಿಯ ನಸ್ರೀನ್ ಆ ಪಿಕ್ಚರನ್ನು ಟೊರೆಂಟಿನಲ್ಲಿ ಹುಡುಕಿಕೊಟ್ಟಳು. "ಕಾಕಾ, ಇದು ಒಂದ ಕಡೆಯಿಂದ ಬರೂದಿಲ್ರಿ. ಊರೂರಿನ ಮಂದಿ ತುಂಡು ತುಂಡು ಹಂಚಿಕೋತಾರ. ಅವರಿಗೆ ಪೀರ್ ಅಂತಾರ."

"ಅಂದ್ರ ಮಂದಿ ಹೆಚ್ಚಾದಂಗ ಮಾಲು ಲಗೂ ಬರತೈತಿ, ಹೌದಿಲ್ಲೋ?"

"ಒಂದು ಹದಕ್ಕ ಹೌದ್ರಿ, ಆದ್ರ..."

ಆ 'ಆದ್ರ' ಅಣ್ಣನ ಕಿವಿಗೆ ಬೀಳಲೇ ಇಲ್ಲ! ಮನೆಗೆ ಬಂದವನೇ ಟೊರೆಂಟಿನ ಸೆಟ್ಟಿಂಗಿನಲ್ಲಿ, ಒಟ್ಟಿಗೆ ಎಷ್ಟು ಪೀರ್‌ಗಳ ಕನೆಕ್ಷನ್ ಇರಬೇಕು ಎಂಬಲ್ಲಿ, ಒಂದರ ಮುಂದೆ ಹಿಡಿಸಿದಷ್ಟು ಸೊನ್ನೆ ಹೊಡೆದ. ಮಾಡೆಮ್ ರೊಟ್ಟಿ ಹಂಚಿನ ಹಾಗೆ ಕಾದು ಏದುಸಿರು ಬಿಡತೊಡಗಿತು. ಹಾವೇರಿಯಿಂದ ಅವನ ಮನೆಗೆ ಹೋಗಿದ್ದ ನನಗೆ ಒಂದು ಈಮೇಲ್ ಕೂಡ ತೆರೆಯಲಾಗಲಿಲ್ಲ. "ಅಣ್ಣಾ, ದಿಸ್ ಈಸ್ ನಾಟ್ ಎ ಬಜಾರ್," ಎಂದೆ, ನನ್ನ ಕಾನ್ವೆಂಟ್ ಗತ್ತಿನಲ್ಲಿ.

"ಬಜಾರ್ ಅಲ್ಲದ್ದು ಜಗತ್ತಿನ್ಯಾಗ ಏನೈತಿ, ತಂಗಿ?"

ಅಷ್ಟಕ್ಕೇ ಬಿಟ್ಟನೇ? ಹಲಗೇರಿಯ ಬೀಗರಿಗೆ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೆ, ಕಂಪ್ಯೂಟರ್ ಇದ್ದ ಎಲ್ಲರಿಗೂ ಫೋನ್ ಹಚ್ಚಿ, "ನೀವೂ ಅದನ್ನ ಇಳಿಸ್ರಿ, ಮಂದಿ ಕಡಿಮಿ ಬಿದ್ದೈತಿ" ಎಂದು ಆಮಂತ್ರಣ ಕೊಟ್ಟ. ಒಪ್ಪಿದವರಿಗೆ ಮಂಡಕ್ಕಿ, ಮಿರ್ಚಿ! ಪೀರ್ ಹೆಚ್ಚಿದರು, ಮಿರ್ಚಿ ಖಾಲಿಯಾಯಿತು, ಡೌನ್‌ಲೋಡ್ ಮಾತ್ರ ತುಸುವೇ ಬಾಕಿ ಇದ್ದಾಗ ಗಟ್ಟಿಯಾಗಿ ನಿಂತಿತು.

ಬಂದಷ್ಟನ್ನಾದರೂ ನೋಡೋಣವೆಂದು ಅಣ್ಣ ಪಿಕ್ಚರ್ ಹಚ್ಚಿದ. ವೈನಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದರು. ಪ್ಲಾಟ್‌ಫಾರ್ಮ್ ಬಂತು. ರೈಲು ಕೂಗಿತು. ಚಿತ್ರ ಚೂರುಚೂರಾಗಿ ನಿಂತೇಬಿಟ್ಟಿತು. ನಮ್ಮ ಹಣೆಬರಹ, ಬಾರದೆ ಉಳಿದ ತುಂಡು ಅದೇ!

ವೈನಿ ತಿರುಗಿದರು. "ಮತ್ತ ಬಸ್ಸಿಗೆ ಹೊತ್ತಾತೇನ್ರಿ?"

ನಾನು ನಕ್ಕೆ. ಅಣ್ಣ ನಗಲಿಲ್ಲ.

ಕೊನೆಗೆ ನಸ್ರೀನ್ ಬಂದು ನೋಡಿ, ಮೊದಲು ಆ ಸೊನ್ನೆಗಳನ್ನು ಅಳಿಸಿದಳು. "ನಿಮ್ಮ ಲೈನ್ ಹೊರೂವಷ್ಟ ಮಂದಿ ಇದ್ರ ಸಾಕ್ರಿ, ಕಾಕಾ. ಮ್ಯಾಲ ನೀವು ಕೂಡಿಸಿದವರೆಲ್ಲಾ ನಿಮ್ಮಂಗ ಖಾಲಿ ಕೈಯವರು. ಆ ತುಂಡು ಒಬ್ಬರ ಕಡೇನೂ ಇಲ್ಲ. ಇಡೀ ಪಿಕ್ಚರ್ ಇದ್ದಾಂವ ಬಂದ್ ಮಾಡಿ ಹೋಗ್ಯಾನ. ಅಂಥಾ ಒಬ್ಬಾಂವ ಬಂದ್ರ ಸಾಕಿತ್ತು."

"ಯಾವಾಗ ಬರತಾನ?"

"ಹೆಂಗ ಹೇಳ್ಲಿರಿ?"

ಅಂದಿನಿಂದ ಅಣ್ಣ ಯಾರಿಗೂ ಫೋನ್ ಮಾಡಲಿಲ್ಲ. ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಪರದೆ ಇಣುಕುವನು. ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ವೈನಿ ಮೊದಲು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟರು, ಆಮೇಲೆ ಅಕ್ಕಿ ಆರಿಸುವುದನ್ನು ಬಿಟ್ಟರು. ಒಂದು ದಿನ ಬಾಗಿಲಲ್ಲಿ ನಿಂತ ನನ್ನನ್ನೇ, "ಯಾರ್ರಿ?" ಎಂದು ಕೇಳಿದರು.

ಎಲ್ಲಿಯವನೋ, ಇಡೀ ಪಿಕ್ಚರ್ ಇದ್ದ ಆ ಪುಣ್ಯಾತ್ಮ ಒಂದು ಮಧ್ಯಾಹ್ನ ಮತ್ತೆ ಲೈನಿಗೆ ಬಂದ. ಪಿಕ್ಚರ್ ಪೂರ್ತಿಯಾಯಿತು. ಹೌ ಲೇಟ್, ಮೈ ಗಾಡ್!

ಆದರೂ ವೈನಿ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ಟಾಕೀಸಿಗೆ ಹೊರಟವರಂತೆ ಬಂದು ಕೂತರು. ಅಣ್ಣ ಪಕ್ಕದಲ್ಲಿ ಕೂತು ಹೇಳತೊಡಗಿದ.

"ರೈಲು ಬಂತು."

"ಆಕಿ ಸೀರಿ ಎಂಥಾದೈತ್ರಿ?"

"ಬಿಳೇದು."

"ಬ್ಲ್ಯಾಕ್ ಆಂಡ್ ವೈಟಿನ್ಯಾಗ ಎಲ್ಲಾರದೂ ಬಿಳೇದ! ಅಂಚು ನೋಡಿ ಹೇಳ್ರಿ."

"ಅಂಚು... ಸಣ್ಣಂದು. ಕೈಯಾಗ ಚೀಲ ಹಿಡಿದಾಳ. ತಡೀ, ಹೊಗಿ ಭಾಳ ಐತಿ."

"ಆಂವ ಇಳದ್ನೇನ್ರಿ?"

ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. "ಇಳದ. ಆಕೀನ್ನ ನೋಡಾಕತ್ತಾನ."

ವೈನಿ ಉಸಿರು ಬಿಟ್ಟರು. "ಬರ್ಲಿಲ್ಲ ಅಂತ ಇಷ್ಟು ವರ್ಷ ಬೈದೆ ನೋಡ್ರಿ ಆಂವಗ."

ಎಲ್ಲ ಮುಗಿಯಿತೆಂದು ನಾನು ಕಂಪ್ಯೂಟರ್ ಬಂದ್ ಮಾಡಲು ಎದ್ದೆ. ಸದ್ದಿನಲ್ಲೇ ಗೊತ್ತಾಯಿತೇನೋ, ವೈನಿ ಕೈ ಚಾಚಿ ತಡೆದರು.

"ಇರ್ಲಿ ಬಿಡ್ರಿ. ಈಗ ಇಡೀದು ನಮ್ಮ ಕಡೆ ಐತೆಲ್ಲ. ನಮ್ಮಿಂದ ಇಳಿಸ್ಕೊಂಡು ಕಣ್ಣಿದ್ದಾಕಿ ಯಾರರ ಒಬ್ಬಾಕಿ ನೋಡ್ಲಿ."

ಅಣ್ಣ ನೆಲಕ್ಕೆ ಕೂತು, ವೈನಿ ಎದ್ದಾಗ ಕಾಲಿಗೆ ತೊಡರದ ಹಾಗೆ, ಮಾಡೆಮ್ಮಿನ ವೈರನ್ನು ಮೆಲ್ಲಗೆ ಗೋಡೆಗೆ ಸರಿಸತೊಡಗಿದ.