ಶಿಮ್ಲಾದ ಹಿಮವೂ ನಮ್ಮ ಗೌರಿಯ ಹಾಲೂ

ಈಗೀಗ ನನಗೆ ನಮ್ಮೂರು ಪಾಲಹಳ್ಳಿಯ ಹವೆಗಿಂತ ಶಿಮ್ಲಾದ ಹವೆಯೇ ಚೆನ್ನಾಗಿ ಗೊತ್ತು. ಹಿಮವೆಂದರೆ ಫ್ರಿಜ್ಜಿನ ಮೇಲ್ಖಾನೆಯಲ್ಲಿ ಕಟ್ಟಿಕೊಳ್ಳುವ ಉಪದ್ರವ ಎಂದಷ್ಟೇ ತಿಳಿದಿದ್ದ ನಾನು, ವಾರದಿಂದ ಟಿವಿಯ ಮುಂದೆ ಕೂತು ಕಾಶ್ಮೀರದಲ್ಲಿ ಎಷ್ಟು ಬಿತ್ತು, ಪಂಜಾಬಿನಲ್ಲಿ ಮಳೆ ನಿಂತಿತೇ, ದಿಲ್ಲಿಯ ಮಂಜು ಸರಿಯಿತೇ ಎಂದು ನೆಂಟರ ಯೋಗಕ್ಷೇಮದಂತೆ ವಿಚಾರಿಸಿಕೊಳ್ಳುತ್ತಿದ್ದೇನೆ. ಇಲ್ಲಿ ಬಿಸಿಲು ಚುರುಗುಟ್ಟಿದರೂ ಹೆಗಲ ಮೇಲೆ ಶಾಲು. "ಅಲ್ಲಿ ಮಂಜು ಬಿದ್ರೆ ನಿಂಗ್ಯಾಕ್ಲಾ ನಡುಕ?" ಎಂದು ಪಕ್ಕದ ಮನೆಯ ಚಿಕ್ಕಣ್ಣ ಕೇಳಿದ. "ಹಸು ಹಾಲು ಕೊಡ್ತಿಲ್ಲ ಕಣ್ಲಾ" ಎಂದೆ. ಅವನು ನನ್ನ ತಲೆ ನೆಟ್ಟಗಿದೆಯೇ ಎಂಬಂತೆ ನೋಡಿದ.

ಸಂಗತಿ ಇಷ್ಟೆ. ನನ್ನ ಹೆಂಡತಿ ಜಯಮ್ಮ ತವರೂರು ಶೀಳನೆರೆಯ ಅಕ್ಕತಂಗಿಯರ ಜೊತೆ ಟೂರ್ ಬಸ್ಸಿನಲ್ಲಿ ಕಾಶಿಗೆ ಹೋದಳು. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ ವಾಪಸು ಬರಬೇಕೋ ಬೇಡವೋ? "ಇಷ್ಟು ದೂರ ಬಂದಿದ್ದೀವಿ, ಹಿಮಾನೂ ನೋಡ್ಬುಟ್ಟೇ ಬರಾನ" ಎಂದು ಶಿಮ್ಲಾಕ್ಕೆ ಹತ್ತಿದರು. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮ ಸೀಮೆಹಸು ಗೌರಿ. ಅದರದು ಒಂದೇ ಹಟ, ಜಯಮ್ಮನ ದನಿ ಕೇಳದೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಏರ್ಪಾಡಾಗಿತ್ತು. ಹಾಲು ಕರೆಯುವ ಹೊತ್ತಿಗೆ ಅವಳು ಫೋನ್ ಮಾಡುವುದು, ನಾನು ಸ್ಪೀಕರ್ ಹಾಕಿ ಫೋನನ್ನು ಟವೆಲ್ಲಿನಿಂದ ಹಸುವಿನ ಕೊಂಬಿಗೆ ಕಟ್ಟುವುದು. "ಬಾ ನನ್ನವ್ವ, ನನ್ ಬಂಗಾರಿ, ಒಟ್ಟೆ ತುಂಬ ತಿಂದ್ಯಾ?" ಎಂದು ಕಾಶಿಯಿಂದ ದನಿ ಬಂದದ್ದೇ ತಡ, ಪಾಲಹಳ್ಳಿಯಲ್ಲಿ ಪಾತ್ರೆ ನೊರೆಯಾಡುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಆ ದನಿಯಲ್ಲಿ ನನ್ನನ್ನು ಯಾರೂ ಕರೆದಿಲ್ಲ. ನಾನು ಹಾಲು ಕರೆದು ಮುಗಿಸಿ ಎದ್ದೇಳುವಷ್ಟರಲ್ಲಿ "ಇಡ್ತೀನಿ" ಎಂದು ಇಟ್ಟೇಬಿಡುತ್ತಿದ್ದಳು.

ಅಷ್ಟರಲ್ಲಿ ಹಿಮದ ಬಿರುಗಾಳಿ ಎದ್ದಿತು. ಬೆಟ್ಟದ ಮೇಲೆ ಹಿಮ, ಬಯಲಲ್ಲಿ ಆಲಿಕಲ್ಲು ಮಳೆ, ರಸ್ತೆಯ ಮೇಲೆ ಹೆಪ್ಪುಗಟ್ಟಿದ ನೀರು. ಅದರ ಮೇಲೆ ಬಸ್ಸೊಂದು ಅಡ್ಡಡ್ಡ ಜಾರುವುದನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದರು. ಪ್ರತಿ ಸಲವೂ ಅದು ಇವರ ಬಸ್ಸೇ ಅನ್ನಿಸಿತು. ಜಯಮ್ಮನ ಫೋನು ಸ್ವಿಚ್ ಆಫ್, ಅಕ್ಕತಂಗಿಯರದೂ ಅಷ್ಟೆ. ಶ್ರೀರಂಗಪಟ್ಟಣದಲ್ಲಿ ನಾನು ಕೆಲಸಕ್ಕಿರುವ ಗೊಬ್ಬರದಂಗಡಿಯಲ್ಲಿ ಯೂರಿಯಾ ಕೇಳಿದವನಿಗೆ ಪೊಟ್ಯಾಷ್ ಎತ್ತಿಕೊಟ್ಟೆ. ಮನೆಗೆ ಬಂದರೆ ನಿಲ್ಲಲಾರೆ, ಕೂರಲಾರೆ. ಗೌರಿಗೆ ಅವಳ ಹಳೆಯ ವಾಯ್ಸ್ ಮೆಸೇಜನ್ನಾದರೂ ಕೇಳಿಸೋಣವೆಂದು ಹುಡುಕಿದರೆ ಇದ್ದದ್ದೆಲ್ಲ "ಕೊತ್ಮೀರಿ ಅಂದ್ರೆ ಪುದೀನ ತಂದಿದ್ದೀರಲ್ರೀ, ಕಣ್ಣೆಲ್ಲಿಟ್ಟಿದ್ರಿ?" ಎಂಬ ಜಾತಿಯವು. ಕೇಳಿಸಿದೆ. ಹಸು ಒದೆಯಿತು. "ಕೆಚ್ಚಲು ಬಾತ್ಕಂಡ್ರೆ ಏನ್ಲಾ ಗತಿ?" ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನಿಜ ಹೇಳುತ್ತೇನೆ, ನನಗೆ ಬಹಳ ಹೆದರಿಕೆಯಾಗಿತ್ತು. ಅದು ಕೆಚ್ಚಲಿನ ಹೆದರಿಕೆಯಲ್ಲ.

ನಿನ್ನೆ ಸಂಜೆ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದಾಗ ಯಾವುದೋ ನಂಬರಿನಿಂದ ಫೋನ್ ಬಂತು.

"ರೀ, ನಾನು. ಹಿಮ ಬಿದ್ದು ದಾರೀಲೆ ಬಸ್ಸು ನಿಂತೋಗಿತ್ತು, ಕರೆಂಟೂ ಇರ್ನಿಲ್ಲ. ಎಲ್ಲಾ ಚೆನ್ನಾಗಿದ್ದೀವಿ. ಇದು ಯಾರ್ದೋ ಫೋನು, ಚಾರ್ಜಿಲ್ಲ. ಬಿರ್ನೆ ಗೌರಿಗೆ ಕೊಡಿ."

"ಅದು ಮೇವು ತಿಂತಾ ಅದೆ" ಎಂದೆ. ಗೌರಿ ಕಿವಿ ನಿಮಿರಿಸಿಕೊಂಡು ನನ್ನನ್ನೇ ನೋಡುತ್ತಿತ್ತು. "ನೀನು ಏನಾರ ಮಾತಾಡಮ್ಮಿ."

"ಏನ್ ಮಾತಾಡ್ಲಿ?"

"ಹಿಮ ಎಂಗದೆ, ಹೇಳು."

"ಅರಳುಪ್ಪು ಸುರ್ದಂಗದೆ ಕಣ್ರೀ. ಬಾಯಿಗಾಕ್ಕಂಡು ನೋಡ್ದೆ, ಏನೂ ರುಚಿ ಇಲ್ಲ. ನೀವು ಉಂಡ್ರಾ?"

ಅಷ್ಟು ಕೇಳಿದ್ದೇ ಸಾಕಾಯಿತು. ಮುದ್ದೆ ಗಂಟಾದದ್ದು, ಸಾರು ಸೀದದ್ದು, ಕಣ್ಣು ಮುಚ್ಚಿದರೆ ಬಸ್ಸು ಜಾರುವುದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದೆ. "ಅಯ್ಯೋ, ಅಷ್ಟೊಂದು ಯಾಕ್ರೀ..." ಎನ್ನುವಷ್ಟರಲ್ಲಿ ಅತ್ತ ಚಾರ್ಜು ಮುಗಿಯಿತು. ಗೌರಿ ನನ್ನ ಕಡೆಗೆ ಬೆನ್ನು ತಿರುಗಿಸಿ ನಿಂತಿತು.

ಆಮೇಲೆ ಡೇರಿಗೆ ಹೋದಾಗ ನನ್ನ ಕ್ಯಾನಿನ ತಳದಲ್ಲಿ ಎರಡು ಲೋಟ ಕಾಫಿಗಾಗುವಷ್ಟು ಹಾಲಿತ್ತು. ಹಾಲು ಅಳೆಯುವ ಕೃಷ್ಣ ಬಗ್ಗಿ ನೋಡಿ, "ಯಾಕಣ್ಣ, ಅಕ್ಕ ಇವತ್ತೂ ಫೋನ್ ಮಾಡ್ನಿಲ್ವಾ?" ಎಂದ.

"ಮಾಡಿದ್ಲು ಕಣಪ್ಪ."

"ಮತ್ತೆ, ಹಸುಗೆ ಕೇಳಿಸ್ಬಾರ್ದಾಗಿತ್ತಾ?"

"ನಂಗೇ ಸಾಲ್ನಿಲ್ಲ ಕಣಪ್ಪ," ಎಂದೆ, "ಹಸುಗೆ ಎಲ್ಲಿ ಉಳಿಸ್ಲಿ?"