ಜೋಡಿಗಂಟಿನ ಹನ್ನೆರಡು ಪೊಟ್ಟಣ

ಹಲ್ಲಿನಲ್ಲಿ ದಾರ ಕಚ್ಚಿ ಎಳೆದು ಗಂಟು ಬಿಗಿಯುವ ಚಾಳಿ ಕ್ರಿಸ್ಪೀನನಿಗೆ ಇಲ್ಲದೇ ಹೋಗಿದ್ದರೆ ಅವನ ಕ್ರಿಸ್‌ಮಸ್ ನೆಮ್ಮದಿಯಾಗಿ ಕಳೆಯುತ್ತಿತ್ತು. ಅದು ಅಪ್ಪನಿಂದ ಬಂದ ಚಾಳಿ. ಅಪ್ಪ ಕಾರೂಪಾನೊ ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ, ಸಾಯುವ ದಿನದವರೆಗೂ ಅವನ ಮೂವತ್ತೆರಡು ಹಲ್ಲೂ ಅಲುಗಾಡಿರಲಿಲ್ಲ. ಗಡಿಯಾರ ರಿಪೇರಿ ಮಾಡುವ ಮಗನಿಗೆ ಅಪ್ಪನ ಚಾಳಿ ಬಂತೇ ಹೊರತು ಹಲ್ಲು ಬರಲಿಲ್ಲ. ಅವನ ಮುಂದಿನ ಒಂದು ಹಲ್ಲು ಕಟ್ಟಿಸಿದ್ದು. ಮೂರು ತಿಂಗಳಿಗೊಮ್ಮೆ ಚರ್ಮದ ಚೀಲ ಹಿಡಿದು ಕುಮಾನಾ ಪಟ್ಟಣದಿಂದ ಬರುವ ಹಲ್ಲಿನ ಡಾಕ್ಟರು ವಸತಿಗೃಹದ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಿಸಿಕೊಟ್ಟಿದ್ದ. ಅಗಲವಾದ ಹಲ್ಲು. ಅಕ್ಕಪಕ್ಕದವುಗಳ ಜೊತೆ ಹೊಂದಲಿ ಎಂದು ಅದಕ್ಕೆ ಕಾಫಿ ಬಣ್ಣ ಬೇರೆ ಬಳಿದಿದ್ದ.

ಈ ಸಂಗತಿ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಖ್ಯವಾಗಿ ಓತಿಲಿಯಾಗೆ ಗೊತ್ತಿರಲಿಲ್ಲ. ಹೊಲಿಗೆ ಅಂಗಡಿಯ ಓತಿಲಿಯಾ ಒಮ್ಮೆ ತಮಾಷೆಗೆ, "ಹಲ್ಲು ಒಂದೂ ಬಿದ್ದಿಲ್ವಲ್ಲ, ಎಲ್ಲಾ ನಿಮ್ದೇನಾ?" ಎಂದು ಕೇಳಿದ್ದಳು. "ಹುಟ್ಟಿದಾಗಿಂದ ನಂದೇ," ಎಂದಿದ್ದ ಕ್ರಿಸ್ಪೀನ್. ಹುಟ್ಟುವಾಗ ಯಾರಿಗೂ ಹಲ್ಲಿರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಸತ್ತ ಗಂಡ ಹೇಳಿದ್ದ ಸುಳ್ಳುಗಳನ್ನು ಓತಿಲಿಯಾ ಇನ್ನೂ ಬೆರಳೆಣಿಸಿ ಹೇಳುತ್ತಿದ್ದಳು. "ಬಡವ ಆದ್ರೂ ಪರವಾಗಿಲ್ಲ, ಕುಡುಕ ಆದ್ರೂ ತಿದ್ಕೋಬೋದು. ಸುಳ್ಳ ಮಾತ್ರ ನನ್ನ ಮೆಟ್ಟಿಲು ಹತ್ತೋದು ಬೇಡ," ಎನ್ನುತ್ತಿದ್ದಳು.

ಆ ಮೆಟ್ಟಿಲು ಹತ್ತಬೇಕೆಂದು ಕ್ರಿಸ್ಪೀನ್ ನಾಲ್ಕು ವರ್ಷದಿಂದ ಕಾಯುತ್ತಿದ್ದ. ಅಡ್ಡ ನಿಂತಿದ್ದವಳು ಅವಳ ಅಕ್ಕ, ಬೀದಿಯೆಲ್ಲ ಗೌರವದಿಂದ ದೋನ್ಯಾ ಎನ್ನುವ ನಿಂಫಾ. ಆ ಮನೆಯಲ್ಲಿ ನಿಂಫಾ ಹೂಂ ಎನ್ನದೆ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ. ಇಡೀ ಬೀದಿ ಒಟ್ಟಾಗಿ ಉಣ್ಣುವ ಡಿಸೆಂಬರ್ ಇಪ್ಪತ್ನಾಲ್ಕರ ಊಟ ಅವಳ ಅಂಗಳದಲ್ಲೇ, ಅವಳ ಯಜಮಾನಿಕೆಯಲ್ಲೇ ಆಗುತ್ತಿತ್ತು. ಈ ಸಲ ಬೆಳಿಗ್ಗೆಯೇ ಓತಿಲಿಯಾ ಕ್ರಿಸ್ಪೀನನನ್ನು ಪಕ್ಕಕ್ಕೆ ಕರೆದು ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಇವತ್ತು ಊಟದ ಹೊತ್ತಿಗೆ ಅಕ್ಕನ್ನ ಎಲ್ಲರ ಮುಂದೆ ಕೇಳ್ಬಿಡಿ. ಇವತ್ತೂ ಕೇಳ್ಲಿಲ್ಲ ಅಂದ್ರೆ ಇನ್ನು ಕೇಳೋದೇ ಬೇಡ."

ಮಾವಿನ ಮರದ ಕೆಳಗೆ ಉದ್ದನೆಯ ಮೇಜು ಹಾಕಿ ಆಗಲೇ ಕೆಲಸ ಶುರುವಾಗಿತ್ತು. ಬಾಳೆಲೆಯಲ್ಲಿ ಕಟ್ಟಿ ಬೇಯಿಸುವ ಕ್ರಿಸ್‌ಮಸ್ ಕಡುಬು, ಅಯ್ಯಾಕ, ಮುನ್ನೂರು ಆಗಬೇಕು. ಒಬ್ಬಳು ಬಾಳೆಲೆ ಒರೆಸುವವಳು, ಒಬ್ಬಳು ಅದರ ಮೇಲೆ ಜೋಳದ ಹಿಟ್ಟು ತಟ್ಟುವವಳು, ಇನ್ನೊಬ್ಬಳು ಮಾಂಸದ ಗೊಜ್ಜು ಹಾಕುವವಳು, ಮುಂದಿನವಳು ಅದರ ಮೇಲೆ ಆಲಿವ್ ಕಾಯಿ, ಒಣದ್ರಾಕ್ಷಿ, ಈರುಳ್ಳಿ ಇಡುವವಳು. ಮತ್ತೊಬ್ಬಳು ಎಲೆ ಮಡಚಿ ಪೊಟ್ಟಣ ಮಾಡಿದರೆ ಕೊನೆಯಲ್ಲಿ ಕ್ರಿಸ್ಪೀನ್ ದಾರ ಸುತ್ತಿ ಗಂಟು ಹಾಕಬೇಕು, ಆಮೇಲೆ ಅದು ಹಂಡೆಗೆ ಹೋಗಬೇಕು. ಪಾದ್ರಿಗಳಿಗೆ ದ್ರಾಕ್ಷಿ ಆಗುವುದಿಲ್ಲ. ಅದಕ್ಕೆ ಅವರ ಮೇಜಿಗೆಂದು ದ್ರಾಕ್ಷಿಯಿಲ್ಲದ ಹನ್ನೆರಡನ್ನು ಬೇರೆ ಮಾಡಿ, ಗುರುತಿಗೆ ಜೋಡಿಗಂಟು ಹಾಕುವುದು ವಾಡಿಕೆ.

ಆ ಹನ್ನೆರಡು ಎಲೆ ತೆರೆದುಕೊಂಡು ಸಾಲಾಗಿ ಮಲಗಿದ್ದವು. ನಿಂಫಾ ಅವುಗಳ ಮೇಲೆ ಬಾಗಿ, ಉಪ್ಪು ನೋಡಲು ಒಂದು ಆಲಿವ್ ಬಾಯಿಗೆ ಹಾಕಿಕೊಂಡಳು. ಎದುರಿಗೆ ಕ್ರಿಸ್ಪೀನ್ ಹಿಂದಿನ ಪೊಟ್ಟಣದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದ.

"ಹಲ್ಲಲ್ಲಿ ಎಳೀಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ, ದೇವ್ರು ಎರಡು ಕೈ ಕೊಟ್ಟಿರೋದು ಏನಕ್ಕೆ, ನಿಮ್ಮಪ್ಪನೂ ಹಿಂಗೇ..." ಎಂದು ಆಲಿವ್ ಅಗಿಯುತ್ತಲೇ ಶುರು ಮಾಡಿದ ನಿಂಫಾಳ ಮಾತು ಅಲ್ಲಿಗೇ ನಿಂತಿತು. ಅವಳು ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಕಣ್ಣರಳಿಸಿದಳು.

ಅದೇ ಗಳಿಗೆಯಲ್ಲಿ ಕ್ರಿಸ್ಪೀನನ ದಾರ ಸಡಿಲವಾಯಿತು. ನಾಲಿಗೆ ಮುಂದೆ ಹೋಯಿತು. ಹಲ್ಲಿರಬೇಕಾದ ಜಾಗದಲ್ಲಿ ಗಾಳಿ ಆಡುತ್ತಿತ್ತು. ಅವನು ಮೇಜಿನ ಮೇಲೆ ನೋಡಿದ, ಅಂಗಿಯ ಮೇಲೆ ನೋಡಿದ, ನೆಲ ನೋಡಿದ. ಅಷ್ಟರಲ್ಲಿ ಹೆಂಗಸರ ಕೈ ಚಕಚಕನೆ ಓಡಿ ಹನ್ನೆರಡೂ ಪೊಟ್ಟಣ ಮಡಚಿ ಅವನ ಮುಂದೆ ಬಂದು ಕೂತಿದ್ದವು. ಹಲ್ಲು ಹಾರಿದ್ದು ಅವುಗಳಲ್ಲೊಂದರ ಒಳಕ್ಕೇ. ಬೇರೆ ಎಲ್ಲಿಗೂ ಹಾರುವ ದಾರಿಯಿರಲಿಲ್ಲ.

ಕ್ರಿಸ್ಪೀನ್ ಬಾಯಿ ಮುಚ್ಚಿಕೊಂಡ. ತನ್ನ ಸುಳ್ಳು ಈಗ ಪಾದ್ರಿಗಳ ತಟ್ಟೆಗೆ ಹೋಗಲಿದೆ, ಬೇಯಿಸಿ, ಜೋಡಿಗಂಟು ಹಾಕಿ. ಆ ಗಂಟನ್ನೂ ತಾನೇ ಹಾಕಬೇಕು. ಹಾಕಿದ. ಎದುರಿಗಿದ್ದ ನಿಂಫಾ ಒಂದು ಮಾತೂ ಆಡದೆ, ಬಾಯಿಯ ಬಟ್ಟೆ ತೆಗೆಯದೆ ಅವನನ್ನೇ ನೋಡುತ್ತಿದ್ದಳು. ಅವಳು ನೋಡಿದಳು, ಹಲ್ಲು ಹಾರಿದ್ದನ್ನು ಕಣ್ಣಾರೆ ನೋಡಿದಳು ಎಂದು ಅವನಿಗೆ ಖಾತ್ರಿಯಾಯಿತು.

ನಿಂಫಾ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಂದರಿನವರೆಗೆ ಕೇಳಿಸುವ ಗಂಟಲು ಅವಳದು. ಅವಳು ಅವತ್ತು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸೌಟು ಆಡಿಸಿಯೇ ಎಲ್ಲರಿಗೂ ಕೆಲಸ ಹೇಳತೊಡಗಿದಳು. "ಹೊಗೆ ಗಂಟಲಿಗೆ ಹತ್ತಿರ್ಬೇಕು," ಎಂದರು ಹೆಂಗಸರು. ಹೊಗೆಯಲ್ಲ, ಸಿಟ್ಟು, ಎಂದು ಕ್ರಿಸ್ಪೀನನಿಗೆ ಗೊತ್ತಿತ್ತು. ಎಲ್ಲರೂ ಸೇರಲಿ ಎಂದು ಕೂಡಿಡುತ್ತಿದ್ದಾಳೆ, ಆಮೇಲೆ ಒಂದೇ ಸಲ ಸುರಿಯುತ್ತಾಳೆ.

ಅವನೂ ಬಾಯಿ ಬಿಡುವಂತಿರಲಿಲ್ಲ. ಕೇಳಿದ್ದಕ್ಕೆಲ್ಲ "ಹ್ಮ್, ಹ್ಮ್," ಎಂದ. ಇದನ್ನು ಬೀದಿಗೆಲ್ಲ ಮೊದಲು ಕಂಡುಹಿಡಿದವನು ಬೇಕರಿಯ ಬೆಲ್ತ್ರಾನ್. ಹಂದಿಮಾಂಸದ ಬ್ರೆಡ್ಡಿನ ಬುಟ್ಟಿ ಇಳಿಸಿದವನು ಕ್ರಿಸ್ಪೀನನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

"ಏನೋ ಮಾರಾಯ, ಬಾಯಿಗೆ ಬೀಗ ಹಾಕಿದ್ದೀಯಾ?"

"ಹ್ಮ್."

"ನುಂಗೋಕೆ ಆಗ್ತಿಲ್ವಾ?"

"ಹ್ಮ್."

"ಮಂಗನಬಾವು," ಎಂದು ಬೆಲ್ತ್ರಾನ್ ತೀರ್ಪು ಕೊಟ್ಟ. "ನಮ್ಮ ಚಿಕ್ಕಪ್ಪಂಗೂ ಈ ವಯಸ್ಸಲ್ಲೇ ಬಂದಿತ್ತು. ಆಮೇಲೆ ಅವರಿಗೆ ಮಕ್ಕಳೇ ಆಗ್ಲಿಲ್ಲ." ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದವನನ್ನು ಹಿಡಿದು ಕೂರಿಸಿ, ಬ್ರೆಡ್ಡು ಮುಚ್ಚಿದ್ದ ಬಟ್ಟೆಯನ್ನು ಗಲ್ಲದಿಂದ ನೆತ್ತಿಗೆ ಸುತ್ತಿ ಮೇಲೊಂದು ಗಂಟು ಹಾಕಿದ. ಹೆಂಗಸರು ಅವನಿಂದ ಎರಡು ಮಾರು ದೂರ ಸರಿದರು. ಓತಿಲಿಯಾ ದೂರದಿಂದಲೇ ನೋಡಿ ಹುಬ್ಬು ಗಂಟಿಕ್ಕಿದಳು. ಕೇಳಬೇಕಾದ ದಿನವೇ ಬಾಯಿ ಕಟ್ಟಿಕೊಂಡ ಗಂಡಸಿನ ಬಗ್ಗೆ ಅವಳಿಗೆ ಅನುಮಾನ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಕ್ರಿಸ್ಪೀನ್ ಒಂದು ಧೈರ್ಯ ಮಾಡಿದ. ಪಾದ್ರಿಗಳ ಹನ್ನೆರಡು ಬೇರೆ ಪಾತ್ರೆಯಲ್ಲಿ, ಹಿತ್ತಿಲ ಒಲೆಯ ಮೇಲೆ ಬೇಯುತ್ತಿದ್ದವು. ಸೌದೆ ತರುವ ನೆಪದಲ್ಲಿ ಅತ್ತ ಹೋದ. ಹೋದರೆ ನಿಂಫಾ ಆಗಲೇ ಅಲ್ಲಿದ್ದಳು. ಕಬ್ಬಿಣದ ಕಡ್ಡಿ ಹಿಡಿದು ಪೊಟ್ಟಣಗಳನ್ನು ಒಂದೊಂದಾಗಿ ತಿವಿಯುತ್ತಿದ್ದವಳು ಅವನನ್ನು ಕಂಡು ಸೆಟೆದು ನಿಂತಳು. ಕಡ್ಡಿಯ ತುದಿ ಅವನ ಹೊಟ್ಟೆಯ ಕಡೆಗಿತ್ತು. ಅವನು ಸೌದೆಯನ್ನು ಅಲ್ಲೇ ಹಾಕಿ ಹಿಂದೆ ಹಿಂದೆ ನಡೆದು ಬಂದ.

ಬೆಂದ ಪೊಟ್ಟಣಗಳನ್ನು ನೀರು ಬಸಿಯಲೆಂದು ಹಲಗೆಯ ಮೇಲೆ ಹರಡಿದಾಗ ಇನ್ನೊಂದು ಸಲ ಹೋದ. ಒಂದೊಂದನ್ನೇ ಹೆಬ್ಬೆರಳಲ್ಲಿ ಅಮುಕಿ ನೋಡಿದ. ಗಟ್ಟಿಯಾಗಿ ಸಿಕ್ಕಿದ್ದೆಲ್ಲ ಹಲ್ಲೇ ಅನ್ನಿಸಿತು, ಆಲಿವ್ ಬೀಜ ಅನ್ನಿಸಿತು, ಕೋಳಿಯ ಮೂಳೆ ಅನ್ನಿಸಿತು. ನಿಂಫಾ ಬಂದಳು, ಅವನ ಕಣ್ಣೆದುರೇ ಮೂರು ಪೊಟ್ಟಣ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾಕ್ಷಿ ಹುಡುಕುತ್ತಿದ್ದಾಳೆ ಎಂದುಕೊಂಡ ಕ್ರಿಸ್ಪೀನ್. ಇನ್ನು ತಡೆಯಲಾರದೆ, ಅಮುಕಿದರೆ ಟಕ್ ಎಂದ ಒಂದನ್ನು ಎತ್ತಿ ಅಂಗಿಯೊಳಗೆ ತುರುಕಿಕೊಂಡ.

ಬೆಂದ ಅಯ್ಯಾಕ ಒಳಗೆ ಕೆಂಡ. ನಾಲ್ಕು ಹೆಜ್ಜೆ ಇಡುವುದರೊಳಗೆ ಅವನು ಅಂಗಳದ ನಡುವೆ ಕುಣಿಯತೊಡಗಿದ. ಬೆಲ್ತ್ರಾನ್ ಓಡಿ ಬಂದು, "ಮಂಗನಬಾವು ಕೆಳಗಿಳೀತು, ಹಿಡ್ಕೊಳ್ರೋ," ಎಂದು ಅಂಗಿ ಎತ್ತಿದ. ಪೊಟ್ಟಣ ಉರುಳಿ ನೆಲಕ್ಕೆ ಬಿತ್ತು.

"ಕದ್ದಿದಾನೆ," ಎಂದ ಬೆಲ್ತ್ರಾನ್. "ಅದೂ ಪಾದ್ರಿಗಳದ್ದು. ಹೊಟ್ಟೆಗಿಲ್ದೋನಾದ್ರೆ ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನೋ?"

ಓತಿಲಿಯಾಳ ಮುಖ ಕೆಂಪಾಯಿತು. ನಿಂಫಾ ಹೊರಗೆ ಬಂದು ಪೊಟ್ಟಣ ನೋಡಿದಳು, ಜೋಡಿಗಂಟು ನೋಡಿದಳು, ಕ್ರಿಸ್ಪೀನನನ್ನು ನೋಡಿದಳು. ಬೈಯಲಿಲ್ಲ. ಪೊಟ್ಟಣವನ್ನು ಮಗುವಿನಂತೆ ಎದೆಗೊತ್ತಿಕೊಂಡು ಮತ್ತೆ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಿಡಿಲು ಹೊಡೆಯಿತು. "ಕುರ್ಚಿ ಹಾಕಿ ಅಂತ ನಾನು ಹೇಳ್ಬೇಕಾ? ಪಾದ್ರಿಗಳು ಬರೋ ಹೊತ್ತಾಯ್ತು, ಎಲ್ಲಿ ಸತ್ತಿದೀರ ಎಲ್ರೂ?" ನಿಂಫಾಳ ಗಂಟಲು ಮರಳಿ ಬಂದಿತ್ತು. ಬೀದಿಯೇ ನಿಟ್ಟುಸಿರು ಬಿಟ್ಟಿತು. ಕ್ರಿಸ್ಪೀನ್ ಮಾತ್ರ ಮಾವಿನ ಮರದ ಹಿಂದೆ ಅಡಗಿ ನಿಂತ. ಇನ್ನು ತನ್ನ ಸರದಿ ಎಂದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಊಟ ಶುರುವಾಯಿತು. ಕೇಳುವುದಿದೆ ಎಂದು ಓತಿಲಿಯಾ ಅವನ ಗಲ್ಲದ ಬಟ್ಟೆ ಬಿಚ್ಚಿ ಹಾಕಿ ಪಾದ್ರಿಗಳ ಮೇಜಿಗೇ ಎಳೆದು ಕೂರಿಸಿದಳು. ಉಳಿದ ಎಂಟು ಜೋಡಿಗಂಟಿನ ಪೊಟ್ಟಣ ಎಂಟು ತಟ್ಟೆಗೆ ಬಂದವು. ಕ್ರಿಸ್ಪೀನ್ ತಲೆ ಎತ್ತದೆ ಪಾದ್ರಿಗಳ ದವಡೆಯನ್ನೇ ಕದ್ದು ನೋಡುತ್ತಿದ್ದ. ದವಡೆ ಅಗಿಯಿತು, ಅಗಿಯಿತು, ನಿಂತಿತು. ಅವರು ಎರಡು ಬೆರಳು ಬಾಯಿಗೆ ಹಾಕಿದರು. ಕ್ರಿಸ್ಪೀನ್ ಕಣ್ಣು ಮುಚ್ಚಿ, ಗೊತ್ತಿದ್ದ ಪ್ರಾರ್ಥನೆಯನ್ನೆಲ್ಲ ಒಟ್ಟಿಗೆ ಹೇಳಿಕೊಂಡ.

"ದಾರದ ಚೂರು," ಎಂದರು ಪಾದ್ರಿಗಳು. ಪಕ್ಕಕ್ಕಿಟ್ಟು ಮತ್ತೆ ಅಗಿದರು.

ಹೋದ ಜೀವ ಮರಳಿ ಬಂದು ಕ್ರಿಸ್ಪೀನ್ ತನ್ನದಕ್ಕೆ ಬಾಯಿ ಹಾಕಿದ. ಎರಡನೆಯ ತುತ್ತಿಗೇ ಟಕ್ ಎಂದಿತು. ಅವನಿಗೆ ಅಳು ಬಂತು. ಎಂಟು ತಟ್ಟೆಗಳಲ್ಲಿ ದೇವರು ಅವನ ತಟ್ಟೆಯನ್ನೇ ಆರಿಸಿದ್ದ. ಕೆಮ್ಮಿದಂತೆ ಮಾಡಿ ಕರವಸ್ತ್ರಕ್ಕೆ ಉಗುಳಿಕೊಂಡು, ನೀರಿನ ತೊಟ್ಟಿಯ ಹಿಂದಕ್ಕೆ ಓಡಿ, ತೊಳೆದು ಬಾಯಿಗೆ ಒತ್ತಿದ. ಕೂರಲಿಲ್ಲ. ತೆಗೆದು ನೋಡಿದ.

ಅದು ಅವನ ಹಲ್ಲಾಗಿರಲಿಲ್ಲ. ಬೆಳ್ಳಗೆ, ಚಿಕ್ಕದಾಗಿ, ಪಕ್ಕದಲ್ಲಿ ಚಿನ್ನದ ಕೊಕ್ಕೆಯಿದ್ದ ಯಾರದೋ ಹಲ್ಲು.

ಯಾರದು? ಹಾಗಾದರೆ ತನ್ನದೆಲ್ಲಿ? ಮೇಜಿಗೆ ಮರಳಿ ಕೂತ. ಅಲ್ಲಿ ನಿಂಫಾ ಪಾದ್ರಿಗಳ ಕುರ್ಚಿಗೆ ಕೈಯಿಟ್ಟು ನಿಂತು, ಎಲ್ಲರನ್ನೂ ನೋಡಿ ನಗುತ್ತಿದ್ದಳು. ಬೆಳಗಿನಿಂದ ಅವಳ ಮುಖವನ್ನು ಅವನು ನೇರವಾಗಿ ನೋಡಿದ್ದು ಅದೇ ಮೊದಲು. ಆ ನಗುವಿನ ನಟ್ಟನಡುವೆ ಅಗಲವಾದ, ಕಾಫಿ ಬಣ್ಣದ ಒಂದು ಹಲ್ಲು ಬಾಗಿಲಿನ ಹಾಗೆ ನಿಂತಿತ್ತು.

"ಅಕ್ಕನ ನಗು ಇವತ್ತು ಏನೋ ಬೇರೆ ಥರ ಇದೆ," ಎಂದು ಓತಿಲಿಯಾ ಪಿಸುಗುಟ್ಟಿದಳು. "ಒಳ್ಳೆ ಗಳಿಗೆ. ಎದ್ದು ಕೇಳಿ."

ಅವನು ತಟ್ಟೆಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತತೊಡಗಿದ.

"ಕೇಳ್ತೀರೋ, ನಾನು ಎದ್ದು ಹೋಗ್ಲೋ?"

ಬಾಯಿ ಬಿಟ್ಟರೆ ಕಿಂಡಿ ಕಾಣುತ್ತದೆ. ಬಿಡದಿದ್ದರೆ ಓತಿಲಿಯಾ ಹೋಗುತ್ತಾಳೆ. ಕ್ರಿಸ್ಪೀನ್ ಮುಖ ತಿರುಗಿಸಿ, ಕೈಯಲ್ಲಿದ್ದ ಹಲ್ಲನ್ನು ಕಿಂಡಿಗೆ ಬಲವಾಗಿ ತಳ್ಳಿ, ಕೊಕ್ಕೆ ಸಿಕ್ಕಿಸಿ ಎದ್ದು ನಿಂತ.

"ಅಕ್ಕ," ಎಂದ. ಇಡೀ ಅಂಗಳ ತಿರುಗಿತು. "ನಿಮ್ಮ ತಂಗೀನ ನನಗೆ ಕೊಡ್ತೀರಾ?"

ನಿಂಫಾಳ ಕಣ್ಣು ಅವನ ಮುಖಕ್ಕೆ ಬಂತು, ಬಾಯಿಗೆ ಇಳಿಯಿತು, ಅಲ್ಲೇ ನಿಂತಿತು. ಚಿನ್ನದ ಕೊಕ್ಕೆ ಇಳಿಬಿಸಿಲಿಗೆ ಮಿನುಗುತ್ತಿತ್ತು. ಅವಳ ನಗು ಮೆಲ್ಲಗೆ ಮುಚ್ಚಿತು. ನಾಲಿಗೆ ಒಳಗೇ ಆ ಅಗಲವಾದ ಹಲ್ಲನ್ನು ತಡವುತ್ತಿದ್ದುದು ಕೆನ್ನೆಯ ಮೇಲೆ ಕಾಣುತ್ತಿತ್ತು.

"ಹೂಂ ಅನ್ನಕ್ಕ, ಬ್ರೆಡ್ಡು ಆರ್ತಿದೆ," ಎಂದ ಬೆಲ್ತ್ರಾನ್.

ಅವಳು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಕಡೆ ಬೆರಳು ತೋರಿಸಿದಳು.

ಅಡುಗೆಮನೆಯಲ್ಲಿ ಹಿಟ್ಟಿನ ಮೂಟೆಯ ಆಚೆ ಈಚೆ ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತರು. ಹಿಂದಕ್ಕೆ ಕೈ ಚಾಚಿ ಕೊಟ್ಟರು, ತೆಗೆದುಕೊಂಡರು, ತೊಳೆದರು, ಹಾಕಿಕೊಂಡರು.

"ಆಲಿವ್ ಬೀಜಕ್ಕೆ ಹಾರಿದ್ದು ನಂದೇ ಸಿಕ್ತು, ಬೆಂದು ಉಬ್ಬಿದೆ ಅಂದ್ಕೊಂಡಿದ್ದೆ," ಎಂದಳು ನಿಂಫಾ.

"ಅಕ್ಕ, ಓತಿಲಿಯಾಗೆ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಎಲ್ಲಾ ನಂದೇ ಅಂತ ಅವಳ ಹತ್ರ ಹೇಳ್ಬಿಟ್ಟಿದೀನಿ."

"ನಾನೂ ಹಂಗೇ ಹೇಳಿದೀನಿ. ಇಪ್ಪತ್ತು ವರ್ಷ ಆಯ್ತು."

ಕ್ರಿಸ್ಪೀನನಿಗೆ ಬೆಳಗಿನಿಂದ ಮೊದಲ ಸಲ ಹಗುರವಾಯಿತು. ಇಬ್ಬರೂ ಒಂದೇ ದೋಣಿಯಲ್ಲಿದ್ದರು, ಇನ್ನೇನು ಭಯ. "ಹಂಗಿದ್ರೆ ಅಕ್ಕ, ಮದುವೆಗೆ..."

"ಯಾವ ಮದುವೆ?" ನಿಂಫಾ ತಿರುಗಿದಳು. ಬಾಯಲ್ಲಿ ಅವಳ ಹಲ್ಲು ಅವಳ ಜಾಗದಲ್ಲೇ ಗಟ್ಟಿಯಾಗಿ ಕೂತಿತ್ತು. "ನನ್ನ ಗುಟ್ಟು ಗೊತ್ತಿರೋ ಗಂಡಸನ್ನ ದಿನಾ ಬೆಳಿಗ್ಗೆ ಎದ್ದು ನನ್ನ ಮೇಜಿನ ಮುಂದೆ ಕೂರಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ? ಈ ಸಂಬಂಧ ಆಗಲ್ಲ. ಮುಂದಿನ ವರ್ಷ ಗಂಟು ಹಾಕೋಕೆ ಬಾ. ಕೈಯಲ್ಲಿ ಹಾಕು."

ಬಾಗಿಲಲ್ಲಿ ಓತಿಲಿಯಾ ಕಾಯುತ್ತಿದ್ದಳು. "ಏನಂದ್ಲು?"

"ಆಗಲ್ಲ ಅಂದ್ರು."

"ಯಾಕಂತೆ?"

ಕ್ರಿಸ್ಪೀನ್ ಅವಳ ಮುಖ ನೋಡಿದ. ನಿಜ ಹೇಳಿದರೆ ತನ್ನ ಸುಳ್ಳು ಹೊರಬೀಳುತ್ತದೆ. ಇನ್ನೊಂದು ಸುಳ್ಳು ಹೇಳಲು ಅವನಿಗೆ ತ್ರಾಣವಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ತಿಳಿದವರು ಸುಮ್ಮನೆ ಹೇಳಿಲ್ಲ. ಬಾಯಿ ತುಂಬ ಹಲ್ಲಿಟ್ಟುಕೊಂಡು, "ಹ್ಮ್," ಎಂದ.