ಕರಿ ಎಣ್ಣೆಯ ಪಾಲುದಾರರು

ಎದ್ದು ಹೋಗಬೇಡಿ, ಶಹಾಪುರದ ಮರಿಲಿಂಗಪ್ಪನ ಗತಿ ಏನಾಯಿತೆಂದು ಪೂರ್ತಿ ಕೇಳಿಯೇ ಹೋಗಿ. ಕಾರಿದ್ದವರಿಗೆ ಇದು ಗೊತ್ತಿರಬೇಕು. ಇಲ್ಲದವರಿಗೆ ಕಾರಿಲ್ಲವೆಂಬ ಸಮಾಧಾನವಾದರೂ ಸಿಗುತ್ತದೆ.

ಮರಿಲಿಂಗಪ್ಪ ಗೊಬ್ಬರದಂಗಡಿಯ ಗುಮಾಸ್ತ. ಕಾಲುವೆ ನೀರು ಬಂದು ಸುತ್ತಲಿನವರೆಲ್ಲ ಎರಡು ಬೆಳೆ ಭತ್ತ ತೆಗೆದು ಕಾರು ಕೊಂಡರು. ಹೊಲವೇ ಇಲ್ಲದ ಈತನೂ ಯಾದಗಿರಿಯಲ್ಲಿ ಯಾರೋ ಸಾಕಾಗಿ ಮಾರಿದ ಕಾರೊಂದನ್ನು ಕೊಂಡ. ಸ್ಟಾರ್ಟ್ ಮಾಡಿದರೆ ಅದು ಕಫ ಕಟ್ಟಿದ ಮುದುಕನಂತೆ ಕೆಮ್ಮುತ್ತಿತ್ತು. ಹೋದ ಸಲ ಅತ್ತೆಯ ಊರು ಸುರಪುರಕ್ಕೆ ಹೊರಟಾಗ ಅದು ಅರ್ಧ ದಾರಿಯಲ್ಲೇ ನಿಂತಿದ್ದರಿಂದ ಗಂಡ ಹೆಂಡತಿ ಭತ್ತದ ಟ್ರ್ಯಾಕ್ಟರ್ ಏರಿ ಹೋಗಿದ್ದರು. ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಇಳಿದ ಅಳಿಯನನ್ನು ನೋಡಿ ಊರೇ ನಕ್ಕಿತ್ತು.

ಇವತ್ತು ಹೆಂಡತಿ ಮೋನಮ್ಮನ ತಮ್ಮನ ಲಗ್ನದ ನಿಶ್ಚಯ. "ಈ ಸಲ ಕಾರಿನಾಗ ಬಂದು ನಮ್ಮವ್ವನ ಬಾಗಿಲ ಮುಂದ ಇಳೀಬೇಕು. ಇಲ್ಲಾಂದ್ರ ನಾ ಅಲ್ಲೇ ಉಳೀತೇನಿ, ನೀವು ಕಾರಿನ ಜೋಡಿ ಸಂಸಾರ ಮಾಡ್ರಿ" ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು.

ಮರಿಲಿಂಗಪ್ಪ ಮೊಬೈಲಿನಲ್ಲಿ ವಿಡಿಯೊ ನೋಡಿ ಮದ್ದು ಹುಡುಕಿದ: ಸಿಂಥೆಟಿಕ್ ಎಣ್ಣೆ. ಇಂಜಿನ್ನಿಗೆ ಒಂದು ಡಬ್ಬಿ, ಗೇರ್‌ಬಾಕ್ಸಿಗೆ ಇನ್ನೊಂದು. ಬೆಳಿಗ್ಗೆ ಮೆಕ್ಯಾನಿಕ್ ಯಾಕೂಬಸಾಬನನ್ನು ಅಂಗಳಕ್ಕೇ ಕರೆಸಿದ. ಅಷ್ಟು ಮಾಡಿ ಸುಮ್ಮನಿದ್ದರೆ ಕತೆಯೇ ಇರುತ್ತಿರಲಿಲ್ಲ. ಆಸಾಮಿ ಅದನ್ನು ಓಣಿಗೆಲ್ಲ ಸಾರಿದ.

ಎದುರುಮನೆಯ ಹುಲಗಪ್ಪ ಬೇವಿನಕಡ್ಡಿ ಕಚ್ಚಿಕೊಂಡೇ ಬಂದು ಡಬ್ಬಿಯೊಳಗೆ ಇಣುಕಿದ. "ಏನೋ ಮರಿಲಿಂಗಾ, ಇದು ಎಣ್ಣಿಯೋ ಬಾಟ್ಲಿ ನೀರೋ?"

"ಸಿಂಥೆಟಿಕ್ ಅದ ಕಾಕಾ. ತೆಳ್ಳಗ ಇದ್ರೇನೇ ಇಂಜಿನ್ನಿನ ಮೂಲಿಮೂಲಿಗೂ ಹೊಕ್ಕತದ."

"ತೆಳ್ಳಗ ಹೊಕ್ಕಿದ್ದು ತೆಳ್ಳಗ ಹೊರಗೂ ಬರ್ತದ. ಎತ್ತಿಗಿ ಇಂಥಾ ಉಪಚಾರ ಮಾಡಿದ್ರ ಅದು ಮತ್ತ ನೊಗಕ್ಕ ಹೆಗಲು ಕೊಡಾಂಗಿಲ್ಲ."

ಸೇರಿದವರೆಲ್ಲ ನಕ್ಕರು. ಅಷ್ಟರಲ್ಲಿ ಯಾಕೂಬಸಾಬ ಅಡಿಯ ಬೋಲ್ಟು ಬಿಚ್ಚಿದ. ಹಳೆಯ ಎಣ್ಣೆ ಕಾಡಿಗೆಯಂತೆ ಕರ್ರಗೆ ಕಬ್ಬಿಣದ ಬುಟ್ಟಿಗೆ ಇಳಿಯಿತು. ಹುಲಗಪ್ಪನ ನಗು ತಟ್ಟನೆ ನಿಂತಿತು. ಪಂಕ್ತಿಯಲ್ಲಿ ಹೋಳಿಗೆ ಪರಾತ ತನ್ನ ಕಡೆಗೇ ಬರುವುದನ್ನು ಕಂಡವನಂತೆ ನೆಟ್ಟಗಾದ.

"ಈ ಕರೇದು ಏನ್ಮಾಡ್ತೀಯಪಾ? ನಮ್ಮ ಬಂಡಿ ಅಚ್ಚು ಕಿರಿಕಿರಿ ಅಂತದ."

"ಒಯ್ರಿ ಕಾಕಾ" ಎಂದ ಮರಿಲಿಂಗಪ್ಪ, ಊರಿಗೇ ಜಹಗೀರಿ ಹಂಚುವ ನವಾಬನ ಗತ್ತಿನಲ್ಲಿ.

ಸುದ್ದಿ ಹಬ್ಬಲು ಇಷ್ಟು ಸಾಕು. ಒಬ್ಬನ ಎಮ್ಮೆಗೆ ಉಣ್ಣೆ ಹುಳ, ಇನ್ನೊಬ್ಬನ ಕಿಟಕಿಗೆ ಗೆದ್ದಲು, ಮತ್ತೊಬ್ಬನ ಗೇಟಿಗೆ ತುಕ್ಕು; ಎಲ್ಲಕ್ಕೂ ಕರಿ ಎಣ್ಣೆ ಹಚ್ಚುವುದೇ ಮದ್ದು. ಈಗ ತಾನೇ ನಕ್ಕವರೆಲ್ಲ ಚೊಂಬು, ಬಾಟಲಿ ಹಿಡಿದು ಬಂದರು. ಮರಿಲಿಂಗಪ್ಪ ಎಲ್ಲರಿಗೂ ಹೂಂ ಅಂದ. ಯಾಕೂಬಸಾಬ ಕಾರಿನಡಿಯಿಂದ ತಲೆ ಹೊರಗೆ ಹಾಕಿದ.

"ಸಾಹೇಬ್ರ, ಬಿಚ್ಚಿದಾವಂದೇ ಹಳೇ ಎಣ್ಣಿ, ಇದು ನಮ್ಮ ಧಂದೇದ ದಸ್ತೂರ. ನೀವು ನನ್ನ ಪಾಲು ದಾನ ಮಾಡಾಕತ್ತೀರಿ."

ತನ್ನ ಕ್ಯಾನು ಮೊದಲು ತುಂಬಿಕೊಂಡ. ಉಳಿದದ್ದು ಓಣಿಯವರ ಚೊಂಬು, ಬಾಟಲಿಗಳಿಗೆ ಹೋಗಿ ಇಂಜಿನ್ನಿನದು ಮುಗಿಯಿತು. ಗೇರ್‌ಬಾಕ್ಸಿನದು ಹುಲಗಪ್ಪನ ಬಂಡಿಗೆ ಹೋಯಿತು. ಹೊಸ ಎಣ್ಣೆ ಸುರಿದು ಕೀಲಿ ತಿರುಗಿಸಿದರೆ, ಆಹಾ, ಕಾರು ಕೆಮ್ಮಲೇ ಇಲ್ಲ. ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದ ಮೋನಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು.

ಅಷ್ಟರಲ್ಲಿ ಬಾಡಿಗೆ ಮನೆಯ ಮಾಲಕಿ ಮದೀನಾಬಿ ಓಣಿಯಲ್ಲೇ ಸುದ್ದಿ ಕೇಳಿಕೊಂಡು ಸಂತೆಯಿಂದ ಬಂದಳು.

"ನನ್ನ ಪಾಲು ಎಲ್ಲದ?"

"ಮುಗೀತು ಖಾಲಾ."

"ಕಾರು ನಿಂತಿದ್ದು ಯಾರ ಅಂಗಳದಾಗ? ಗೆದ್ದಲು ತಿನ್ನಾಕತ್ತಿದ್ದು ಯಾರ ಬಾಗಿಲ? ಗಲ್ಲಿಗೆಲ್ಲಾ ಹಂಚಿ ನನಗ ಖಾಲಿ ಬುಟ್ಟಿ ತೋರಿಸ್ತೀ. ನಾಳಿಂದ ಕಾರು ಬೀದ್ಯಾಗ ನಿಲ್ಸು ಬೇಟಾ. ನೀನೂ ಅದರಾಗೇ ಮಲಕ್ಕೋ."

ಮರಿಲಿಂಗಪ್ಪ ಬೆವರಿದ. "ಹೊಸಾದ್ರಾಗೇ ಒಂದಿಷ್ಟು ಬಸದು ಕೊಡ್ತೇನಿ."

ಅವಳು ಹೊಸ ಡಬ್ಬಿಯ ತಳದಲ್ಲಿ ಉಳಿದದ್ದಕ್ಕೆ ಬೆರಳು ಅದ್ದಿ ನೋಡಿದಳು. "ನಕೋ. ಇದನ್ನ ಹಚ್ಚಿದ್ರ ಗೆದ್ದಲು ರೊಟ್ಟಿ ಜೋಡಿ ನೆಕ್ಕತಾವ. ಕರೇದು ಬೇಕು."

"ಓಡಿಸಿದ್ರ ಕರ್ರಗ ಆಗ್ತದ. ಒಳಗ ಹಳೇ ಹೊಲಸು ಭಾಳ ಅದ" ಎಂದ ಯಾಕೂಬಸಾಬ.

ಹೀಗೆ ಎಣ್ಣೆ ಕಪ್ಪು ಮಾಡಲು ಸವಾರಿ ಹೊರಟಿತು. ಮೋಸವಾಗಬಾರದೆಂದು ಮದೀನಾಬಿ ಮುಂದೆ ಕುಳಿತಳು, ಪುಕ್ಕಟೆ ಸಿಕ್ಕಿತೆಂದು ಹುಲಗಪ್ಪ ಹಿಂದೆ. ಶಿರವಾಳದ ಕಡೆ ಹೋಗಿ ಬರುವಷ್ಟರಲ್ಲಿ ಅವಳು ಮತ್ತೆ ಮತ್ತೆ ಇಳಿದು, ಎಣ್ಣೆ ನೋಡುವ ಕಡ್ಡಿ ತೆಗೆಸಿ ಪರೀಕ್ಷೆ ಮಾಡಿದಳು. "ಇನ್ನಾ ಚಹಾದಂಗ ಅದ. ನಡಿ."

ಕಾರು ಹುಟ್ಟಿದಾಗಿನಿಂದ ಇಷ್ಟು ನುಣ್ಣಗೆ ಓಡಿರಲಿಕ್ಕಿಲ್ಲ. ಮರಿಲಿಂಗಪ್ಪನಿಗೆ ಅಳು ಬಂತು.

"ಚೊಲೋ ಓಡಾಕತ್ತದಲ್ಲೋ" ಎಂದ ಹುಲಗಪ್ಪ ಹಿಂದಿನಿಂದ. "ಇಷ್ಟು ಚೊಲೋ ಎಣ್ಣಿ ಯಾವ ಹುಚ್ಚ ಹೊರಗ ತೆಗೀತಾನ?"

ವಾಪಸು ಬಂದಾಗ ಮದೀನಾಬಿಗೆ ಬಣ್ಣ ಒಪ್ಪಿಗೆಯಾಯಿತು. ಯಾಕೂಬಸಾಬ ಮತ್ತೆ ಬೋಲ್ಟು ಬಿಚ್ಚಿದ.

"ಅರ್ಧಕ್ಕ ನಿಲ್ಸೋ" ಎಂದ ಮರಿಲಿಂಗಪ್ಪ.

"ಅರ್ಧಾ ಬಾಗಿಲಿಗಿ ಹಚ್ಚಲೇನು?" ಎಂದಳು ಮದೀನಾಬಿ. ಮರಿಲಿಂಗಪ್ಪ ಬಗ್ಗಿ ಬೋಲ್ಟಿಗೆ ಕೈ ಹಾಕುವಷ್ಟರಲ್ಲಿ ಇಂಜಿನ್ ಬರಿದಾಗಿತ್ತು.

ಸಾದಾ ಎಣ್ಣೆಯನ್ನಾದರೂ ಹಾಕೋಣವೆಂದು ಮರಿಲಿಂಗಪ್ಪ ಪೇಟೆಗೆ ಓಡಿದ. ಲಗ್ನದ ಹಂಗಾಮು. ಎಣ್ಣೆ ಅಂಗಡಿಯವರೆಲ್ಲ ಕೀಲಿ ಹಾಕಿ, ತಂತಮ್ಮ ಕಾರಿನಲ್ಲಿ ಲಗ್ನಕ್ಕೆ ಹೋಗಿದ್ದರು.

ಕೊನೆಗೆ ಬಸ್ಸೇ ಗತಿಯಾಯಿತು. ಮೋನಮ್ಮ ಕಿಟಕಿಯಾಚೆಯ ಗದ್ದೆ ನೋಡುತ್ತ ಕುಳಿತಳು. ಸುರಪುರ ಬರುವವರೆಗೂ ಮರಿಲಿಂಗಪ್ಪ ಮನಸ್ಸಿನಲ್ಲೇ ನೆಪ ಹೊಸೆದ: ಟೈರು ಒಡೆಯಿತೆನ್ನಲೇ, ಬ್ರೇಕು ಹಿಡಿಯಿತೆನ್ನಲೇ?

ಅತ್ತೆ ದೇವಕಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಹೊಸ ಬೀಗರು ಜಮಖಾನೆಯ ಮೇಲೆ ಕುಳಿತಿದ್ದರು.

"ಅತ್ತಿ, ಕಾರು ಏನಾತಂದ್ರ..."

"ಕಾರಿನ ಚಿಂತಿ ಬಿಡ್ರಿ. ಅದು ಬರ್ತದಂತ ನಾವ್ಯಾರೂ ನಂಬಿರಲಿಲ್ಲ." ಅವಳು ನಗುತ್ತಲೇ ಅಂದಳು. ಮರಿಲಿಂಗಪ್ಪನ ಜೀವ ಹಗುರಾಯಿತು. ಅವಳ ಕಣ್ಣು ಅವನ ಎರಡೂ ಕೈಗಳನ್ನು ನೋಡಿತು. "ಎಣ್ಣಿ ಎಲ್ಲದ್ರೀ?"

"ಯಾವ ಎಣ್ಣಿ?"

"ಕರೇದು. ಡಬ್ಬಿ ತುಂಬ ತರ್ತೇವಂತ ಮೋನಿ ಮುಂಜಾನಿ ಫೋನ್ ಮಾಡ್ಯಾಳ. ನಮ್ಮ ತೊಲಿಗೆಲ್ಲಾ ಗೆದ್ದಲು ಹತ್ಯಾವ. ಬೀಗರಿಗೂ ಒಂದು ಬಾಟ್ಲಿ ಕೊಡ್ತೇನಂತ ಹೇಳೀನಿ."

ಹಿರಿಯ ಬೀಗರು ಸಂಕೋಚದಿಂದಲೇ ಚೀಲದಿಂದ ಖಾಲಿ ಬಾಟಲಿ ಹೊರಗೆ ತೆಗೆದರು.

ಮರಿಲಿಂಗಪ್ಪ ಹೆಂಡತಿಯತ್ತ ತಿರುಗಿದ. "ಅವಾಗೇ ಹೇಳಬಾರದೇನು?"

"ಓಣಿಗೆಲ್ಲಾ ಹಂಚೋ ಧಣಿ, ಹೆಂಡ್ತಿಗಿ ಬೇಕೇನು ಅಂತ ಒಂದು ಮಾತು ಕೇಳ್ತೀರೇನು ಅಂತ ನೋಡಾಕತ್ತಿದ್ದೆ." ಮೋನಮ್ಮ ಚೀಲ ಎತ್ತಿಕೊಂಡು ಒಳಗೆ ನಡೆದಳು. "ಎಣ್ಣಿ ತಂದು ಕೊಟ್ಟು ನನ್ನ ಕರಕೊಂಡು ಹೋಗ್ರಿ."

"ಕರ್ರಗಿರಬೇಕು ಮತ್ತ" ಎಂದಳು ದೇವಕಮ್ಮ.

ಈಗ ಮರಿಲಿಂಗಪ್ಪನಿಗೆ ಎರಡೇ ದಾರಿ. ಮತ್ತೆ ಸಿಂಥೆಟಿಕ್ ಕೊಂಡು, ಇಂಜಿನ್ನಿಗೆ ಸುರಿದು, ಕಪ್ಪಾಗುವತನಕ ಓಡಿಸಿ, ಅತ್ತೆಯ ತೊಲೆಗೆ ಬಸಿದುಕೊಟ್ಟು ಬಸ್ಸಿನಲ್ಲಿ ಹೆಂಡತಿಯನ್ನು ಕರೆತರಬೇಕು. ಇಲ್ಲವೇ ಎಣ್ಣೆಯನ್ನು ಕಾರಿನಲ್ಲೇ ಉಳಿಸಿಕೊಂಡು ಒಬ್ಬನೇ ನುಣ್ಣಗೆ ಓಡಾಡಬೇಕು. ಹೇಳಿ ನೋಡೋಣ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?